ಸೋತ ಮಾರನೇ ದಿನ: ಹನೋಯ್ ಜೈಲಿನಲ್ಲಿ ಪೈಲಟ್ ಸ್ಟಾಕ್‌ಡೇಲ್

ಒಂದನೇ ಕ್ಲಾಸಿನ ಗೋಡೆಯ ಮೇಲಿದ್ದ ಅಕ್ಷರಮಾಲೆಯ ಚಾರ್ಟ್ ನೆನಪು ಮಾಡಿಕೊಳ್ಳಿ. ಕ ಖ ಗ ಘ ಙ, ಅದರ ಕೆಳಗೆ ಚ ಛ ಜ ಝ ಞ, ಹೀಗೆ ಪ ಫ ಬ ಭ ಮ ತನಕ ಐದು ಸಾಲು, ಸಾಲಿಗೆ ಐದು ಅಕ್ಷರ. ಈಗ ನೀವು ಬಾಯಿ ಬಿಡುವ ಹಾಗಿಲ್ಲ. ಪಕ್ಕದ ಕೋಣೆಯವರಿಗೆ ಗೋಡೆ ತಟ್ಟಿಯೇ ‘ಗ’ ಅಂತ ಹೇಳಬೇಕು. ಹೇಗೆ? ‘ಗ’ ಇರುವುದು ಮೊದಲ ಸಾಲಿನಲ್ಲಿ, ಹಾಗಾಗಿ ಒಂದು ಸಲ ತಟ್ಟಿ. ಸ್ವಲ್ಪ ಬಿಡಿ. ಆ ಸಾಲಿನಲ್ಲಿ ಅದು ಮೂರನೆಯದು, ಮೂರು ಸಲ ತಟ್ಟಿ. ‘ತ’ ಬೇಕಾದರೆ ನಾಲ್ಕು, ಆಮೇಲೆ ಒಂದು. ‘ಮ’ಗೆ ಐದು, ಮತ್ತೆ ಐದು. ಅಷ್ಟೇ, ನಿಮಗೆ ಭಾಷೆ ಬಂತು.

ನಮ್ಮ ವರ್ಗೀಯ ವ್ಯಂಜನಗಳು ಸರಿಯಾಗಿ 25. ಇಂಗ್ಲಿಷಿನಲ್ಲಿ ಒಂದು ಜಾಸ್ತಿ, 26. ಅದಕ್ಕೆ ‘ಕೆ’ ಅಕ್ಷರವನ್ನು ಕಿತ್ತುಹಾಕಿ ಅದರ ಕೆಲಸವನ್ನೂ ‘ಸಿ’ಗೆ ಕೊಟ್ಟರು. ಎ ಬಿ ಸಿ ಡಿ ಇ ಮೊದಲ ಸಾಲು. ಎಫ್‌ನಿಂದ ಜೆ ತನಕ ಎರಡನೆಯದು. ಆಮೇಲೆ ಎಲ್‌ನಿಂದ ಪಿ, ಕ್ಯೂನಿಂದ ಯು, ವಿಯಿಂದ ಝಡ್. ಉತ್ತರ ವಿಯೆಟ್ನಾಮಿನ ರಾಜಧಾನಿ ಹನೋಯ್‌ನ ಜೈಲುಗಳಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸೆರೆ ಸಿಕ್ಕ ನೂರಾರು ಅಮೆರಿಕನ್ ಪೈಲಟ್‌ಗಳು ವರ್ಷಗಟ್ಟಲೆ ಮಾತಾಡಿದ್ದು ಈ ಕೋಷ್ಟಕದಲ್ಲಿ. ಪರಸ್ಪರ ಮುಖ ನೋಡದವರು ಇದರಲ್ಲೇ ಸ್ನೇಹಿತರಾದರು. ಒಬ್ಬರನ್ನೊಬ್ಬರು ಹೊಗಳಿದ್ದು, ಜೋಕ್ ಹೇಳಿದ್ದು, ಹೆಂಡತಿ ಮಕ್ಕಳ ಹೆಸರು ಹೇಳಿಕೊಂಡದ್ದು, ತಪ್ಪು ಒಪ್ಪಿಕೊಂಡು ಅತ್ತದ್ದು ಎಲ್ಲ ಬೆರಳ ಗೆಣ್ಣಿನಿಂದಲೇ.

ಟೆಲಿಗ್ರಾಂನ ಮೋರ್ಸ್ ಕೋಡ್ ಯಾಕೆ ಬಳಸಲಿಲ್ಲ ಅಂತ ಕೇಳಬಹುದು. ಮೋರ್ಸ್‌ಗೆ ಉದ್ದದ ಸದ್ದು, ಗಿಡ್ಡ ಸದ್ದು ಎರಡೂ ಬೇಕು. ಗೋಡೆ ಕುಟ್ಟಿದರೆ ಬರುವುದು ಒಂದೇ ತರದ ಸದ್ದು, ಅದನ್ನು ಉದ್ದ ಮಾಡಲು ಬರುವುದಿಲ್ಲ. ಈ ಚೌಕದ ಕೋಡ್‌ಗೆ ಎಣಿಕೆ ಬಂದರೆ ಸಾಕು. ಕೆಮ್ಮಿದರೂ ನಡೆಯುತ್ತದೆ, ಪೊರಕೆಯಲ್ಲಿ ಗುಡಿಸಿದರೂ ನಡೆಯುತ್ತದೆ. ಇದನ್ನು ಜೈಲಿಗೆ ತಂದವರು ಕಾರ್ಲೈಲ್ ಹ್ಯಾರಿಸ್ ಎಂಬ ವಾಯುಪಡೆಯ ಪೈಲಟ್. 1965ರ ಏಪ್ರಿಲ್‌ನಲ್ಲಿ ಸೆರೆ ಸಿಕ್ಕವರು. ತರಬೇತಿಯ ಕಾಲದಲ್ಲಿ ಕಾಫಿ ಬಿಡುವಿನಲ್ಲಿ ಒಬ್ಬ ಸಾರ್ಜೆಂಟ್ ಹಳೆಯ ಕಾಲದ ಸೆರೆಯಾಳುಗಳ ಈ ಉಪಾಯವನ್ನು ಹೇಳಿಕೊಟ್ಟಿದ್ದರಂತೆ. ಪಾಠದಲ್ಲಿ ಇದ್ದದ್ದೇ ಅಲ್ಲ. ಕಾಫಿ ಕುಡಿಯುತ್ತಾ ಸುಮ್ನೆ ಕೇಳಿಸಿಕೊಂಡ ಒಂದು ಮಾತು.

ಈ ಗೋಡೆಗಳ ಮಧ್ಯೆ ಇದ್ದವರಲ್ಲಿ ಒಬ್ಬರ ಹೆಸರು ಈಗ ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ, ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ತಿರುಗುತ್ತಿರುತ್ತದೆ: ಜೇಮ್ಸ್ ಸ್ಟಾಕ್‌ಡೇಲ್. ‘ನಂಬಿಕೆ ಇಟ್ಟರೆ ಗೆಲುವು ಖಚಿತ’ ಅನ್ನುವ ಧಾಟಿಯಲ್ಲಿ ಅವರ ಕಥೆ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಹೇಳಿದ್ದು ಅದಕ್ಕಿಂತ ಕಷ್ಟದ್ದು, ಬಹುಶಃ ಜಾಸ್ತಿ ಕೆಲಸಕ್ಕೆ ಬರುವಂಥದ್ದು. ಅದು ಅರ್ಥವಾಗಬೇಕಾದರೆ ಆ ಜೈಲಿನಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಅಂತ ಗೊತ್ತಿರಬೇಕು.

ಸ್ಟಾಕ್‌ಡೇಲ್ ಅಮೆರಿಕದ ನೌಕಾಪಡೆಯ ಫೈಟರ್ ಪೈಲಟ್. 1923ರಲ್ಲಿ ಇಲಿನಾಯ್ ರಾಜ್ಯದ ಅಬಿಂಗ್ಡನ್ ಎಂಬ ಊರಿನಲ್ಲಿ ಹುಟ್ಟಿದವರು. ಯುದ್ಧದ ಶುರುವಿನಲ್ಲೇ ಅವರು ಒಂದು ವಿಚಿತ್ರಕ್ಕೆ ಸಾಕ್ಷಿಯಾದರು. 1964ರ ಆಗಸ್ಟ್ 4ರ ರಾತ್ರಿ ಉತ್ತರ ವಿಯೆಟ್ನಾಮಿನ ತೀರದ ಟಾಂಕಿನ್ ಕೊಲ್ಲಿಯಲ್ಲಿ ವಿಯೆಟ್ನಾಂ ದೋಣಿಗಳು ಅಮೆರಿಕದ ಹಡಗುಗಳ ಮೇಲೆ ದಾಳಿ ಮಾಡಿದವು ಎಂಬ ಸುದ್ದಿ ಹಬ್ಬಿತಲ್ಲ, ಆಗ ಆ ಹಡಗುಗಳ ಮೇಲೆಯೇ ಹಾರುತ್ತಿದ್ದವರು ಇವರು. ನೀರಿನಲ್ಲಿ ಒಂದು ದೋಣಿಯೂ ಕಾಣಲಿಲ್ಲ ಎಂದು ಆಮೇಲೆ ಹೇಳಿದರು. ಆದರೆ ಮಾರನೇ ದಿನ ಅದೇ ‘ದಾಳಿ’ಗೆ ಪ್ರತೀಕಾರ ಎಂದು ವಿನ್ ಊರಿನ ತೈಲ ಸಂಗ್ರಹದ ಮೇಲೆ ಬಾಂಬ್ ಹಾಕುವ ತಂಡಕ್ಕೆ ಮುಂದಾಳಾಗಿ ಹೋದವರೂ ಇವರೇ. ಅದೇ ದಿನ ಬೇರೊಂದು ಕಡೆ ಬಿದ್ದ ವಿಮಾನದ ಪೈಲಟ್ ಎವೆರೆಟ್ ಆಲ್ವರೆಜ್ ಉತ್ತರ ವಿಯೆಟ್ನಾಮಿನ ಮೊದಲ ಪೈಲಟ್ ಸೆರೆಯಾಳು. ಅವರು ಎಂಟೂವರೆ ವರ್ಷ ಒಳಗಿದ್ದರು.

ಈ ಟಾಂಕಿನ್ ವಿಷಯ ಸ್ಟಾಕ್‌ಡೇಲ್‌ಗೆ ಜೈಲಿನಲ್ಲಿ ಹೊಟ್ಟೆಯೊಳಗಿನ ಕೆಂಡವಾಯಿತು. ಯುದ್ಧಕ್ಕೆ ಕಾರಣವೆಂದು ತೋರಿಸಿದ ಘಟನೆಯೇ ನಡೆದಿಲ್ಲ ಎಂಬುದು ತನಗೆ ಗೊತ್ತು, ಚಿತ್ರಹಿಂಸೆ ತಾಳಲಾರದೆ ಎಲ್ಲಿ ಬಾಯಿಬಿಟ್ಟುಬಿಡುತ್ತೇನೋ ಎಂಬ ಭಯ. ಹೊರಬರುವ ತನಕ ಆ ಗುಟ್ಟು ಬಿಟ್ಟುಕೊಡಲಿಲ್ಲ.

1965ರ ಸೆಪ್ಟೆಂಬರ್ 9. ಓರಿಸ್ಕನಿ ಎಂಬ ವಿಮಾನವಾಹಕ ಹಡಗಿನಿಂದ ಎ-4 ಸ್ಕೈಹಾಕ್ ವಿಮಾನದಲ್ಲಿ ಹೊರಟರು. ಆಗ ಅವರಿಗೆ 41 ವರ್ಷ, ಆ ಹಡಗಿನ ಎಲ್ಲ ವಿಮಾನಗಳ ಕಮಾಂಡರ್. ಮರಗಳ ತುದಿ ತಾಗುವಷ್ಟು ಕೆಳಗೆ ಹಾರುತ್ತಿದ್ದಾಗ ವಿಮಾನಕ್ಕೆ ಗುಂಡು ಬಿತ್ತು. ಬೆಂಕಿ ಹತ್ತಿತು, ಕಂಟ್ರೋಲ್ ಹೋಯಿತು. ಇಜೆಕ್ಷನ್ ಸೀಟಿನ ಹಿಡಿ ಎಳೆದು ಹೊರಗೆ ಹಾರಿದರು. ನೆಲ ಮುಟ್ಟಲು ಅರ್ಧ ನಿಮಿಷವಷ್ಟೇ ಇತ್ತು. ಪ್ಯಾರಾಶೂಟ್‌ನ ಬಟ್ಟೆಯನ್ನು ಗುಂಡುಗಳು ಹರಿಯುವ ಸದ್ದು ಕೇಳುತ್ತಿತ್ತಂತೆ. ಇಳಿದದ್ದು ಒಂದು ಊರಿನ ಬೀದಿಗೆ. ಜನ ಮೈಮೇಲೆ ಬಿದ್ದರು. ಒಂದು ಕಾಲು ಮಂಡಿಯ ಹತ್ತಿರ ಮುರಿಯಿತು. ಆ ಕಾಲು ಮತ್ತೆಂದೂ ಸರಿಯಾಗಲಿಲ್ಲ.

ಜನರ ಸಿಟ್ಟಿಗೂ ಕಾರಣ ಇತ್ತು, ಅದನ್ನು ಬಿಟ್ಟು ಕಥೆ ಹೇಳುವುದು ಸರಿಯಲ್ಲ. ಮೇಲಿನಿಂದ ಬಾಂಬ್ ಬೀಳುತ್ತಿದ್ದದ್ದು ಅವರ ಮನೆ, ಸೇತುವೆ, ರೈಲಿನ ಮೇಲೆ. ಇನ್ನು ಇವರನ್ನು ಹಾಕಿದ ಹ್ವಾ ಲೋ ಜೈಲನ್ನು ಕಟ್ಟಿಸಿದ್ದು ಫ್ರೆಂಚರು, ವಿಯೆಟ್ನಾಮಿನ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಲು. ಆ ಹೆಸರಿಗೆ ಕುಲುಮೆ, ಒಲೆ ಎಂಬ ಅರ್ಥ ಇದೆ, ಹಿಂದೆ ಆ ಬೀದಿಯಲ್ಲಿ ಒಲೆ ಮಾರುತ್ತಿದ್ದರು. ಪೈಲಟ್‌ಗಳು ಅದಕ್ಕೆ ‘ಹನೋಯ್ ಹಿಲ್ಟನ್’ ಎಂದು ಫೈವ್‌ಸ್ಟಾರ್ ಹೆಸರಿಟ್ಟರು.

ಈಗ ನಮ್ಮ ಕಡೆಯ ಒಂದು ವಿಷಯ. ಸ್ಟಾಕ್‌ಡೇಲ್ ಬಿದ್ದ ಹದಿಮೂರು ದಿನಕ್ಕೆ, 1965ರ ಸೆಪ್ಟೆಂಬರ್ 22ರಂದು, ಭಾರತ-ಪಾಕಿಸ್ತಾನ ಯುದ್ಧ ಇನ್ನೇನು ಮುಗಿಯಬೇಕು ಅನ್ನುವಾಗ ಕೊಡಗಿನ ಪೈಲಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನಕ್ಕೆ ಗುಂಡು ತಗುಲಿತು. ಜನರಲ್ ಕಾರ್ಯಪ್ಪನವರ ಮಗ. ಅವರೂ ಇಜೆಕ್ಟ್ ಆದರು, ಬೆನ್ನಿಗೆ ಪೆಟ್ಟಾಯಿತು, ಸೆರೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಜನರಲ್ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನಿಮ್ಮ ಮಗನಿಗೆ ವಿಶೇಷ ವ್ಯವಸ್ಥೆ ಮಾಡುತ್ತೇವೆ ಎಂಬ ಮಾತು ಬಂದಾಗ, ಅಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ತರ ನೋಡಿಕೊಳ್ಳಿ ಎಂದು ತಂದೆ ಹೇಳಿದರು ಎಂಬ ಪ್ರಸಂಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮಗ ನಾಲ್ಕು ತಿಂಗಳಿಗೆ ಊರಿಗೆ ಬಂದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಅದೇ ತಿಂಗಳು, ಅದೇ ರೀತಿ ಬಿದ್ದ ಇಬ್ಬರು. ಒಬ್ಬರಿಗೆ ನಾಲ್ಕು ತಿಂಗಳು, ಇನ್ನೊಬ್ಬರಿಗೆ ಏಳೂವರೆ ವರ್ಷ. ಯಾಕೆ?

ಮೊದಲ ಕಾರಣ ಸುಲಭ, ಒಂದು ಯುದ್ಧ ಬೇಗ ಮುಗಿಯಿತು, ಇನ್ನೊಂದು ಮುಗಿಯಲಿಲ್ಲ. ಎರಡನೆಯದು ಕಾನೂನಿನದ್ದು. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗೆ ಹೊಡೆಯುವ ಹಾಗಿಲ್ಲ, ಹೆದರಿಸುವ ಹಾಗಿಲ್ಲ, ಜನರ ಮುಂದೆ ಮೆರೆಸುವ ಹಾಗಿಲ್ಲ. ಅವನು ಹೇಳಬೇಕಾದ್ದು ಹೆಸರು, ರ‍್ಯಾಂಕ್, ನಂಬರ್, ಹುಟ್ಟಿದ ದಿನ ಇಷ್ಟೇ. ಉತ್ತರ ವಿಯೆಟ್ನಾಂ ಈ ಒಪ್ಪಂದಕ್ಕೆ 1957ರಲ್ಲಿ ಸೇರಿತ್ತು, ಆದರೆ ಒಂದು ಷರತ್ತು ಹಾಕಿಕೊಂಡು: ಯುದ್ಧಾಪರಾಧ ಮಾಡಿದವರಿಗೆ ಈ ರಕ್ಷಣೆ ಕೊಡುವುದಿಲ್ಲ. ಅಮೆರಿಕ ಅಧಿಕೃತವಾಗಿ ಯುದ್ಧ ಸಾರಿರಲೂ ಇಲ್ಲ. ಹಾಗಾಗಿ ಹನೋಯ್ ಹೇಳಿತು, ಇವರು ಯುದ್ಧಕೈದಿಗಳಲ್ಲ, ಆಕಾಶದ ದರೋಡೆಕೋರರು. 1966ರ ಜುಲೈ 6ರಂದು ಐವತ್ತಕ್ಕೂ ಹೆಚ್ಚು ಪೈಲಟ್‌ಗಳಿಗೆ ಜೋಡಿ ಜೋಡಿಯಾಗಿ ಬೇಡಿ ಹಾಕಿ ಹನೋಯ್‌ನ ಬೀದಿಯಲ್ಲಿ ನಡೆಸಿದರು. ಜನ ಕಲ್ಲು ತೂರಿದರು, ಹೊಡೆದರು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಚಿತ್ರಹಿಂಸೆ ಅಂದ ತಕ್ಷಣ ಸೇನೆಯ ಗುಟ್ಟು ಹೊರಡಿಸಲಿಕ್ಕೆ ಅಂದುಕೊಳ್ಳುತ್ತೇವೆ. ಇಲ್ಲಿ ಅದು ಸ್ವಲ್ಪ ಮಟ್ಟಿಗೆ ಮಾತ್ರ. ಸೆರೆ ಸಿಕ್ಕು ಒಂದು ವರ್ಷವಾದ ಪೈಲಟ್‌ಗೆ ಯಾವ ಹೊಸ ಗುಟ್ಟು ಗೊತ್ತಿರುತ್ತದೆ? ಅವರಿಗೆ ಬೇಕಾಗಿದ್ದದ್ದು ಮುಖ, ದನಿ, ಸಹಿ. ‘ನಾವು ಅಪರಾಧ ಮಾಡಿದೆವು, ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ’ ಎಂಬ ಒಂದು ಟೇಪ್, ಒಂದು ಕಾಗದ, ಹೊರದೇಶದವರ ಮುಂದೆ ಒಂದು ಸಂದರ್ಶನ. ಜೆರೆಮಾಯ ಡೆಂಟನ್ ಎಂಬ ಪೈಲಟ್ 1966ರಲ್ಲಿ ಟೀವಿ ಕ್ಯಾಮೆರಾ ಮುಂದೆ ಕೂತು, ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಅನ್ನುವಂತೆ ನಟಿಸುತ್ತಾ, ರೆಪ್ಪೆ ಮಿಟುಕಿಸಿ ಮೋರ್ಸ್ ಕೋಡ್‌ನಲ್ಲಿ ‘ಟಾರ್ಚರ್’ ಎಂದು ಅಕ್ಷರ ಅಕ್ಷರವಾಗಿ ಹೇಳಿದರು. ಕಣ್ಣಿಗೆ ಉದ್ದ, ಗಿಡ್ಡ ಎರಡೂ ಬರುತ್ತದೆ ನೋಡಿ.

ಹಿಂಸೆಯ ಮುಖ್ಯ ಸಾಧನ ಹಗ್ಗ. ತೋಳುಗಳನ್ನು ಹಿಂದಕ್ಕೆ ಬಿಗಿದು, ರಕ್ತ ಓಡಾಡದ ಹಾಗೆ ಮಾಡಿ, ತಲೆಯನ್ನು ಕಾಲಿನ ಕಡೆಗೆ ಬಗ್ಗಿಸಿ ಒತ್ತುತ್ತಿದ್ದರು. ಜಾಸ್ತಿ ವಿವರಿಸುವುದಿಲ್ಲ. ತಿಳಿಯಬೇಕಾದ್ದು ಒಂದೇ: ಇದರ ಮುಂದೆ ಯಾರೂ ನಿಲ್ಲಲಿಲ್ಲ. ಎಷ್ಟು ಗಟ್ಟಿಗನಾದರೂ ಸ್ವಲ್ಪ ಹೊತ್ತಿಗೆ ‘ಸರಿ, ಹೇಳುತ್ತೇನೆ’ ಅಂದುಬಿಡುತ್ತಿದ್ದ. ಸ್ಟಾಕ್‌ಡೇಲ್ ಕೂಡ ಅಂದರು. ಒಟ್ಟು 15 ಸಲ ಚಿತ್ರಹಿಂಸೆ, ನಾಲ್ಕು ವರ್ಷ ಒಂಟಿ ಕೋಣೆ, ಎರಡು ವರ್ಷ ಕಾಲಿಗೆ ಕಬ್ಬಿಣದ ಬೇಡಿ, ಇದು ಅವರ ಲೆಕ್ಕ.

ನಿಜವಾದ ಸಮಸ್ಯೆ ಶುರುವಾಗುತ್ತಿದ್ದದ್ದು ಅಲ್ಲಿಂದ ಮುಂದೆ. ಅಮೆರಿಕದ ಸೇನೆಗೆ 1955ರಿಂದ ಒಂದು ನಡತೆಯ ಸಂಹಿತೆ ಇತ್ತು, ಹೆಸರು-ರ‍್ಯಾಂಕ್-ನಂಬರ್ ಬಿಟ್ಟು ಬೇರೆ ಹೇಳುವುದನ್ನು ಕೈಲಾದಷ್ಟು ತಪ್ಪಿಸಬೇಕು ಅಂತ. ಇಪ್ಪತ್ತೈದರ ಹುಡುಗ ಅದನ್ನು ದೇವರ ಮಾತು ಅಂತ ನಂಬಿ ಬಂದಿರುತ್ತಾನೆ. ಹಗ್ಗದಲ್ಲಿ ಮುರಿಯುತ್ತಾನೆ. ಸಹಿ ಹಾಕುತ್ತಾನೆ. ತಂದು ಒಂಟಿ ಕೋಣೆಗೆ ಎಸೆಯುತ್ತಾರೆ. ಈಗ ಅವನಿಗೆ ಕೈ ನೋವಿಗಿಂತ ದೊಡ್ಡದು ಬೇರೆ, ‘ನಾನೊಬ್ಬನೇ ದ್ರೋಹಿ, ಉಳಿದವರೆಲ್ಲ ಗಟ್ಟಿಯಾಗಿ ನಿಂತಿದ್ದಾರೆ’ ಎಂಬ ಯೋಚನೆ. ಪಕ್ಕದಿಂದ ಗೋಡೆ ತಟ್ಟುತ್ತಾರೆ, ಇವನು ಉತ್ತರ ಕೊಡುವುದಿಲ್ಲ. ಮಾತಾಡಲು ನಾನು ಯೋಗ್ಯನಲ್ಲ ಅಂತ. ಕೊನೆಗೊಂದು ದಿನ ಧೈರ್ಯ ಮಾಡಿ ತಟ್ಟಿ ಹೇಳಿದಾಗ ಆ ಕಡೆಯಿಂದ ಬರುತ್ತಿದ್ದ ಉತ್ತರದ ಸಾರ ಹೆಚ್ಚುಕಡಿಮೆ ಒಂದೇ: ನಮ್ಮದೂ ಅದೇ ಕಥೆ ಮಾರಾಯ, ಇಲ್ಲಿ ಮುರಿಯದವರು ಯಾರೂ ಇಲ್ಲ.

ಜೈಲಿನವರಿಗೆ ಈ ನಾಚಿಕೆ ಬೇಕಾಗಿತ್ತು. ನಾಚಿಕೊಂಡವನು ಒಂಟಿಯಾಗುತ್ತಾನೆ, ಒಂಟಿಯಾದವನು ಎರಡನೇ ಸಲ ಹಗ್ಗ ಇಲ್ಲದೆಯೇ ಸಹಿ ಹಾಕುತ್ತಾನೆ. ಸ್ಟಾಕ್‌ಡೇಲ್‌ಗೆ ಇದು ಹೊಳೆಯಿತು. ಹಿರಿಯ ಅಧಿಕಾರಿಯಾಗಿ ಅವರು ಹೊರಡಿಸಿದ ಆದೇಶಗಳ ಹಿಂದಿನ ಯೋಚನೆ ಇದೇ. ‘ಸಾಯುವ ತನಕ ಬಾಯಿಬಿಡಬೇಡಿ’ ಅಂತ ಅವರು ಹೇಳಲಿಲ್ಲ. ಹಾಗೆ ಹೇಳಿದ್ದರೆ ಮೊದಲ ವಾರವೇ ಎಲ್ಲರೂ ಅಪರಾಧಿಗಳಾಗುತ್ತಿದ್ದರು. ಬದಲಿಗೆ ಪಾಲಿಸಲು ಸಾಧ್ಯವಿರುವ ನಾಲ್ಕೈದು ವಿಷಯ ಆರಿಸಿದರು, ಇಂಗ್ಲಿಷಿನ ‘ಬ್ಯಾಕ್ ಅಸ್’ ಎಂಬ ಅಕ್ಷರಗಳಲ್ಲಿ ಅಡಕ ಮಾಡಿದರು, ಗೋಡೆಯಿಂದ ಗೋಡೆಗೆ ದಾಟಿಸಿದರು. ‘ಬಿ’ ಅಂದರೆ ಜನರ ಎದುರು ತಲೆಬಾಗಿ ನಮಸ್ಕರಿಸಬೇಡಿ. ‘ಎ’ ಅಂದರೆ ರೇಡಿಯೋದಲ್ಲಿ ಮಾತಾಡಬೇಡಿ. ‘ಸಿ’, ಅಪರಾಧ ಮಾಡಿದೆವೆಂದು ಒಪ್ಪಿಕೊಳ್ಳಬೇಡಿ. ‘ಕೆ’ ಅಂದರೆ ಹೊರಡುವ ದಿನ ಅವರಿಗೆ ಮುತ್ತು ಕೊಟ್ಟು ಬೀಳ್ಕೊಳ್ಳಬೇಡಿ, ಅಂದರೆ ಅವರನ್ನು ಒಳ್ಳೆಯವರಾಗಿ ತೋರಿಸಿ ಹೋಗಬೇಡಿ. (‘ಕೆ’ ಅಕ್ಷರವೇ ಇಲ್ಲದ ಕೋಡ್‌ನಲ್ಲಿ ‘ಕೆ’ ಇರುವ ಆದೇಶ. ‘ಸಿ’ ತಟ್ಟಿದರು, ಅರ್ಥವಾಯಿತು.) ಕೊನೆಯ ‘ಯು’ ಮತ್ತು ‘ಎಸ್’ಗೆ ಅಮೆರಿಕ ಅಂತ ಅಂದುಕೊಂಡರೆ ತಪ್ಪು. ನನಗಿಂತ ನಮ್ಮ ಒಗ್ಗಟ್ಟು ಮೊದಲು, ಅದು ಅದರ ಅರ್ಥ.

ಇದರ ಜೊತೆಗೆ ಹೇಳಿಕೊಟ್ಟ ರೀತಿ ಇನ್ನೂ ಮುಖ್ಯ. ಬಿಟ್ಟಿ ಏನನ್ನೂ ಕೊಡಬೇಡಿ. ಹಿಂಸೆ ಮಾಡಿಯೇ ತೆಗೆದುಕೊಳ್ಳಲಿ. ಮೈಗೆ ಶಾಶ್ವತ ಊನವಾಗುವ ಹಂತ ಬಂದರೆ ಆದಷ್ಟು ಕಡಿಮೆ ಕೊಟ್ಟು ಬಿಡಿಸಿಕೊಳ್ಳಿ. ಆಮೇಲೆ ಕೋಣೆಗೆ ಬಂದು ಮಲಗಿ, ಸುಧಾರಿಸಿಕೊಳ್ಳಿ, ಏನು ಹೇಳಿದಿರಿ ಅಂತ ಪಕ್ಕದವರಿಗೆ ಮುಚ್ಚಿಡದೆ ತಟ್ಟಿ ಹೇಳಿ. ಮತ್ತು ನಾಳೆ ಕರೆದಾಗ ನಿನ್ನೆ ಸೋತದ್ದು ಲೆಕ್ಕಕ್ಕಿಲ್ಲ ಅನ್ನುವಂತೆ ಮೊದಲಿನಿಂದ ಹಠ ಹಿಡಿಯಿರಿ. ಪ್ರತಿ ಸಲವೂ ಅವರು ಮತ್ತೆ ಹಗ್ಗ ತರಬೇಕು. ನಾನು ಸ್ಟಾಕ್‌ಡೇಲ್ ಬಗ್ಗೆ ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ತಟ್ಟಿದ್ದು ಇದು. ಗಟ್ಟಿತನದ ಬಗ್ಗೆ ನಾವು ಕೇಳುವ ಭಾಷಣಗಳೆಲ್ಲ ಸೋಲದಿರುವುದು ಹೇಗೆ ಅಂತ ಹೇಳುತ್ತವೆ. ಇವರು ಸೋಲನ್ನು ಮೊದಲೇ ಲೆಕ್ಕಕ್ಕೆ ಹಾಕಿಕೊಂಡು, ಮಾರನೇ ದಿನ ಬೆಳಿಗ್ಗೆ ಏನು ಮಾಡಬೇಕು ಅಂತ ನಿಯಮ ಬರೆದರು.

ಇದೆಲ್ಲ ಎಲ್ಲಿಂದ ಬಂತು? ಅರ್ಧ ಅನುಭವ, ಅರ್ಧ ಎರಡು ಸಾವಿರ ವರ್ಷ ಹಿಂದಿನ ಒಬ್ಬ ಕುಂಟ ಗುಲಾಮನಿಂದ. 1960ರ ಸುಮಾರಿಗೆ ನೌಕಾಪಡೆ ಸ್ಟಾಕ್‌ಡೇಲ್‌ರನ್ನು ಓದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕಳಿಸಿತ್ತು. ಅಲ್ಲಿ ಫಿಲಿಪ್ ರೈನ್‌ಲ್ಯಾಂಡರ್ ಎಂಬ ತತ್ವಶಾಸ್ತ್ರದ ಮೇಷ್ಟ್ರು ಹೊರಡುವಾಗ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟರು, ಎಪಿಕ್ಟೀಟಸ್ ಎಂಬಾತನ ‘ಎಂಕಿರಿಡಿಯನ್’. ಪೈಲಟ್‌ಗೆ ಇದ್ಯಾಕೆ ಅಂತ ಮೊದಲು ಅನ್ನಿಸಿತಂತೆ. ಆಮೇಲೆ ಅದು ಹಡಗಿನ ಕೋಣೆಯಲ್ಲಿ ದಿಂಬಿನ ಪಕ್ಕದ ಪುಸ್ತಕವಾಯಿತು. ಪ್ಯಾರಾಶೂಟ್‌ನಲ್ಲಿ ನೇತಾಡುತ್ತಿದ್ದ ಆ ಅರ್ಧ ನಿಮಿಷದಲ್ಲಿ ಅವರು ತನಗೆ ತಾನೇ ಹೇಳಿಕೊಂಡದ್ದು, ಇನ್ನು ಕನಿಷ್ಠ ಐದು ವರ್ಷ ಇಲ್ಲೇ, ಯಂತ್ರಗಳ ಲೋಕ ಬಿಟ್ಟು ಎಪಿಕ್ಟೀಟಸ್‌ನ ಲೋಕಕ್ಕೆ ಹೋಗುತ್ತಿದ್ದೇನೆ, ಅಂತ. ಆ ಐದು ವರ್ಷ ಅನ್ನುವ ಅಂದಾಜು ಗಮನಿಸಿ. ಅದಕ್ಕೆ ಮತ್ತೆ ಬರುತ್ತೇನೆ.

ಎಪಿಕ್ಟೀಟಸ್ ಈಗಿನ ತುರ್ಕಿಯ ಕಡೆ ಗುಲಾಮನಾಗಿ ಹುಟ್ಟಿ, ರೋಮಿನಲ್ಲಿ ಬೆಳೆದು, ಬಿಡುಗಡೆಯಾದ ಮೇಲೆ ಗ್ರೀಸ್‌ನಲ್ಲಿ ಪಾಠ ಹೇಳಿದವನು. ಅವನು ಹೇಳುವುದರ ತಿರುಳು ಸರಳ. ಕೆಲವು ನಮ್ಮ ಕೈಲಿವೆ, ಕೆಲವು ಇಲ್ಲ. ಮೈ, ಆಸ್ತಿ, ಹೆಸರು, ಹುದ್ದೆ ಇವು ನಮ್ಮ ಕೈಲಿಲ್ಲ, ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ನಮ್ಮ ತೀರ್ಮಾನ, ನಮ್ಮ ಇಷ್ಟಾನಿಷ್ಟ, ಏನು ಮಾಡಲು ಹೊರಡುತ್ತೇವೆ ಎಂಬುದು ನಮ್ಮ ಕೈಲಿದೆ. ಇದನ್ನು ಹಣೆಬರಹ ಅಂತ ಕೈಚೆಲ್ಲುವುದು ಅಂದುಕೊಳ್ಳಬೇಡಿ, ಹಣೆಬರಹ ಅನ್ನುವವನು ಸುಮ್ಮನೆ ಕೂರುತ್ತಾನೆ. ಇವನು ತನ್ನ ಕೈಲಿರುವ ಸಣ್ಣ ಜಾಗದ ಬೇಲಿ ಎಲ್ಲಿದೆ ಅಂತ ಗುರುತು ಮಾಡಿಕೊಂಡು ಅದರೊಳಗೆ ಪೂರ್ತಿ ಯಜಮಾನಿಕೆ ಮಾಡುತ್ತಾನೆ. ಕುಂಟುವುದು ಕಾಲಿಗೆ ಅಡ್ಡಿ, ಮನಸ್ಸಿನ ನಿಶ್ಚಯಕ್ಕೆ ಅಡ್ಡಿಯಲ್ಲ ಎಂದೂ ಆ ಪುಸ್ತಕದಲ್ಲಿದೆ. ಮುರಿದ ಮಂಡಿ ಇಟ್ಟುಕೊಂಡು ಸಿಮೆಂಟ್ ನೆಲದ ಮೇಲೆ ಬಿದ್ದವರಿಗೆ ಆ ಸಾಲು ಹೇಗೆ ಕೇಳಿಸಿರಬೇಕು.

ಇದು ಬರೀ ತತ್ವವಾಗಿ ಉಳಿಯಲಿಲ್ಲ ಅನ್ನಲು 1969ರ ಒಂದು ದಿನ ಸಾಕು. ಇವರನ್ನು ಸಿನಿಮಾ ತೆಗೆದು ತೋರಿಸಬೇಕೆಂದು ತೀರ್ಮಾನಿಸಿದ ಜೈಲಿನವರು, ಸ್ನಾನ ಮಾಡಿ ಗಡ್ಡ ಬೋಳಿಸಿಕೋ ಎಂದು ರೇಜರ್ ಕೊಟ್ಟು ಕಳಿಸಿದರು. ಸ್ಟಾಕ್‌ಡೇಲ್ ಗಡ್ಡದ ಬದಲು ತಲೆಯ ನಡುವೆ ರೇಜರ್ ಎಳೆದರು. ಕೂದಲಿನ ಜೊತೆ ಚರ್ಮವೂ ಹರಿದು ರಕ್ತ ಮುಖದ ಮೇಲೆ ಇಳಿಯಿತು. ಕಾವಲಿನವರು ಬಂದು ನೋಡಿ ಗಾಬರಿಯಾದರು. ಪರವಾಗಿಲ್ಲ, ಟೋಪಿ ತರುತ್ತೇವೆ ಎಂದು ಅಧಿಕಾರಿ ಹೋದ. ಅವನು ಬರುವಷ್ಟರಲ್ಲಿ ಇವರು ಕೋಣೆಯಲ್ಲಿದ್ದ ಮರದ ಸ್ಟೂಲ್ ಎತ್ತಿ ತಮ್ಮ ಮುಖಕ್ಕೆ ತಾವೇ ಹೊಡೆದುಕೊಂಡರು, ಕಣ್ಣು ಊದಿ ಮುಚ್ಚಿಹೋಗುವ ತನಕ. ಆ ಮುಖವನ್ನು ಯಾವ ಕ್ಯಾಮೆರಾಗೂ ತೋರಿಸುವ ಹಾಗಿರಲಿಲ್ಲ. ಸಿನಿಮಾ ನಿಂತಿತು.

ಆ ಹೊತ್ತಿಗೆ ಅವರು ಇನ್ನೂ ಕೆಟ್ಟ ಜಾಗ ನೋಡಿ ಬಂದಿದ್ದರು. ಬಗ್ಗದ ಹನ್ನೊಂದು ಜನರನ್ನು ಬೇರ್ಪಡಿಸಿ 1967ರ ಅಕ್ಟೋಬರ್‌ನಲ್ಲಿ ಪುಟ್ಟದೊಂದು ಜೈಲಿಗೆ ಹಾಕಿದ್ದರು. ಕೈದಿಗಳು ಅದಕ್ಕೆ ಅಮೆರಿಕದ ಕುಖ್ಯಾತ ದ್ವೀಪದ ಜೈಲಿನ ಹೆಸರಿಟ್ಟು ‘ಅಲ್ಕಟ್ರಾಝ್’ ಅಂದರು. ಕಿಟಕಿಯಿಲ್ಲದ ಒಂಟಿ ಗೂಡುಗಳು, ಅಗಲ ಮೂರಡಿ, ಉದ್ದ ಒಂಬತ್ತಡಿ. ರಾತ್ರಿ ಕಾಲಿಗೆ ಬೇಡಿ, ತಲೆಯ ಮೇಲೆ ಆರದ ಬಲ್ಬು. ಹನ್ನೊಂದರಲ್ಲಿ ರಾನ್ ಸ್ಟಾರ್ಜ್ ಒಬ್ಬರು ಮನೆಗೆ ಬರಲಿಲ್ಲ. ಅಲ್ಲೂ ಗೋಡೆ ಮಾತು ನಿಲ್ಲಲಿಲ್ಲ. ದಿನದ ಕೊನೆಗೆ ಎಲ್ಲರೂ ತಟ್ಟುತ್ತಿದ್ದ ಮೂರಕ್ಷರ ಜಿ-ಬಿ-ಯು, ದೇವರು ಒಳ್ಳೆಯದು ಮಾಡಲಿ ಅಂತ: 2-2, 1-2, 4-5. ಬೇಕಾದರೆ ಈಗ ಟೇಬಲ್ ಮೇಲೆ ತಟ್ಟಿ ನೋಡಿ. ಹದಿನಾರು ಪೆಟ್ಟು. ಇನ್ನೊಮ್ಮೆ, ಸದ್ದೇ ಮಾಡಬಾರದೆಂಬ ಕಟ್ಟಪ್ಪಣೆ ಇದ್ದಾಗ, ಅಂಗಳ ಗುಡಿಸಲು ಬಂದ ಕೈದಿಗಳು ಪೊರಕೆಯ ಸರ್ ಸರ್ ಸದ್ದಿನಲ್ಲೇ ‘ನಿಮ್ಮ ಮೇಲೆ ನಮಗೆ ಪ್ರೀತಿ ಇದೆ’ ಎಂದು ಒಳಗಿದ್ದ ಸ್ಟಾಕ್‌ಡೇಲ್‌ಗೆ ಹೇಳಿಹೋದರು. ವಿಮಾನ ಬಿದ್ದು ಮೂರು ವರ್ಷವಾದ ದಿನ ಅದು.

ಇನ್ನು ಮನೆಯ ಕಡೆ. ಗಂಡ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದೆ, ನಾಲ್ಕು ಗಂಡುಮಕ್ಕಳನ್ನು ಇಟ್ಟುಕೊಂಡಿದ್ದ ಹೆಂಡತಿ ಸಿಬಿಲ್‌ಗೆ ಸರ್ಕಾರ ಹೇಳುತ್ತಿದ್ದದ್ದು ಒಂದೇ, ಸುಮ್ಮನಿರಿ, ಗಲಾಟೆ ಮಾಡಿದರೆ ಅವರಿಗೇ ತೊಂದರೆ. ಸ್ವಲ್ಪ ಕಾಲ ಸುಮ್ಮನಿದ್ದರು. ಆಮೇಲೆ ಎರಡು ಕೆಲಸ ಮಾಡಿದರು. ಒಂದು ಗುಟ್ಟಿನದ್ದು. ನೌಕಾಪಡೆಯ ಗುಪ್ತಚರರ ಜೊತೆ ಸೇರಿ ಗಂಡನಿಗೆ ಒಂದು ಫೋಟೋ ಕಳಿಸಿದರು, ನಿಮ್ಮ ತಾಯಿ ಸಮುದ್ರಸ್ನಾನ ಮಾಡುತ್ತಿರುವುದು ಅಂತ. ನೋಡಿದರೆ ಅದರಲ್ಲಿರುವುದು ಅವರ ತಾಯಿಯೇ ಅಲ್ಲ! ಸ್ಟಾಕ್‌ಡೇಲ್ ತಲೆ ಕೆರೆದುಕೊಂಡು, ಕೊನೆಗೆ ಫೋಟೋವನ್ನು ಮೂತ್ರದಲ್ಲಿ ನೆನೆಸಿದರು. ಹಾಳೆ ಬಿಚ್ಚಿಕೊಂಡು ಒಳಗಿನ ಸಂದೇಶ ಕಾಣಿಸಿತು, ಜೊತೆಗೆ ಬಂದ ಪತ್ರದ ಕಾಗದವೇ ಕಣ್ಣಿಗೆ ಕಾಣದಂತೆ ಬರೆಯುವ ಕಾರ್ಬನ್ ಅಂತ. ಅಂದಹಾಗೆ ಅವರ ಪೂರ್ತಿ ಹೆಸರು ಜೇಮ್ಸ್ ಬಾಂಡ್ ಸ್ಟಾಕ್‌ಡೇಲ್, ನಾನು ಸೇರಿಸಿದ್ದಲ್ಲ. ಆ ಕಾಗದದ ಮೂಲಕ ಒಳಗಿರುವವರ ಹೆಸರುಗಳು, ಚಿತ್ರಹಿಂಸೆಯ ಸುದ್ದಿ ಹೊರಬಂತು. ಸಿಬಿಲ್ ಅವರ ಎರಡನೇ ಕೆಲಸ ಬಹಿರಂಗದ್ದು. ಸ್ಯಾನ್ ಡಿಯಾಗೋದ ಕೆಲವು ಪೈಲಟ್‌ಗಳ ಹೆಂಡತಿಯರನ್ನು ಸೇರಿಸಿ ಶುರುಮಾಡಿದ ಗುಂಪು 1970ರ ಹೊತ್ತಿಗೆ ಸೆರೆಯಾಳು ಕುಟುಂಬಗಳ ರಾಷ್ಟ್ರೀಯ ಸಂಘವಾಯಿತು. ಪತ್ರಿಕೆಗಳಿಗೆ ಹೋದರು, ಪ್ಯಾರಿಸ್‌ಗೆ ಹೋಗಿ ಉತ್ತರ ವಿಯೆಟ್ನಾಂ ಪ್ರತಿನಿಧಿಗಳ ಎದುರೇ ಕೂತು ಕೇಳಿದರು.

1969ರ ಸೆಪ್ಟೆಂಬರ್‌ನಲ್ಲಿ ಉತ್ತರ ವಿಯೆಟ್ನಾಮಿನ ನಾಯಕ ಹೋ ಚಿ ಮಿನ್ ತೀರಿಕೊಂಡರು. ಅದೇ ದಿನಗಳಲ್ಲಿ ಸ್ಟಾಕ್‌ಡೇಲ್‌ರನ್ನು ಮತ್ತೆ ಹಿಂಸೆಗೆ ಕರೆದೊಯ್ದಿದ್ದರು, ಈ ಸಲ ಬೇರೆಯವರ ಹೆಸರು ಹೇಳಿಬಿಡುತ್ತೇನೆ ಅನ್ನಿಸಿತು. ರಾತ್ರಿ ಕಿಟಕಿಯ ಗಾಜು ಒಡೆದು ಮಣಿಕಟ್ಟು ಕೊಯ್ದುಕೊಂಡರು. ಕಾವಲಿನವರು ನೋಡಿ ಉಳಿಸಿದರು. ಅಲ್ಲಿಂದ ಮುಂದೆ ಜೈಲಿನಲ್ಲಿ ಹಿಂಸೆ ಕಡಿಮೆಯಾಗುತ್ತಾ ಬಂತು. ಅವರ ರಕ್ತದಿಂದಲೋ, ಹೋ ಅವರ ಸಾವಿನಿಂದಲೋ, ಹೆಂಡತಿಯರ ಗಲಾಟೆಯಿಂದಲೋ, ಎಲ್ಲ ಸೇರಿಯೇ ಅನ್ನಬೇಕು. 1970ರ ಕೊನೆಗೆ ಕೈದಿಗಳನ್ನೆಲ್ಲ ಹ್ವಾ ಲೋದ ದೊಡ್ಡ ಹಾಲ್‌ಗಳಿಗೆ ಒಟ್ಟಿಗೆ ಹಾಕಿದರು. ವರ್ಷಗಟ್ಟಲೆ ಗೋಡೆಯಾಚೆ ಕೇಳಿದ್ದ ಸ್ನೇಹಿತರ ಮುಖ ಎಷ್ಟೋ ಜನ ನೋಡಿದ್ದು ಆಗ. 1973ರ ಜನವರಿ 27ರಂದು ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದ, ಫೆಬ್ರವರಿ 12ಕ್ಕೆ ಬಿಡುಗಡೆಯಾದವರನ್ನು ಹೊತ್ತ ಮೊದಲ ವಿಮಾನಗಳು. ಏಪ್ರಿಲ್ ಹೊತ್ತಿಗೆ 591 ಜನ ಮನೆಗೆ ಬಂದರು. 1976ರಲ್ಲಿ ಸ್ಟಾಕ್‌ಡೇಲ್‌ಗೆ ಅಮೆರಿಕದ ಅತಿ ದೊಡ್ಡ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಬಂತು.

ಈಗ ಆ ಐದು ವರ್ಷದ ಅಂದಾಜಿಗೆ ಬರೋಣ. ಬಹಳ ವರ್ಷದ ಮೇಲೆ ಒಬ್ಬರು ಅವರನ್ನು ಕೇಳಿದರು, ಅಲ್ಲಿ ಉಳಿಯದೆ ಹೋದವರು ಯಾರು ಅಂತ. ಆಶಾವಾದಿಗಳು, ಅಂದರು ಸ್ಟಾಕ್‌ಡೇಲ್. ಕ್ರಿಸ್‌ಮಸ್‌ಗೆ ಬಿಡುಗಡೆ ಅನ್ನುತ್ತಿದ್ದರು, ಕ್ರಿಸ್‌ಮಸ್ ಹೋಗುತ್ತಿತ್ತು. ಈಸ್ಟರ್‌ಗೆ ಅನ್ನುತ್ತಿದ್ದರು, ಅದೂ ಹೋಗುತ್ತಿತ್ತು. ಮತ್ತೆ ಕ್ರಿಸ್‌ಮಸ್. ಎದೆಯೊಡೆದು ಹೋದರು. 2001ರಲ್ಲಿ ಬಂದ ಒಂದು ಮ್ಯಾನೇಜ್‌ಮೆಂಟ್ ಪುಸ್ತಕದಿಂದ ಇದು ‘ಸ್ಟಾಕ್‌ಡೇಲ್ ವೈರುಧ್ಯ’ ಎಂದು ಪ್ರಸಿದ್ಧವಾಯಿತು. ಕೊನೆಗೆ ಇದರಿಂದ ಹೊರಬಂದೇ ಬರುತ್ತೇನೆ ಎಂಬ ನಂಬಿಕೆಯನ್ನು ಅವರು ಬಿಟ್ಟಿರಲಿಲ್ಲ, ಆದರೆ ಆ ನಂಬಿಕೆಗೆ ತಾರೀಖು ಹಾಕಲಿಲ್ಲ. ನೆಲ ಮುಟ್ಟುವ ಮೊದಲೇ ‘ಕನಿಷ್ಠ ಐದು ವರ್ಷ’ ಎಂದುಕೊಂಡ ಮನುಷ್ಯನಿಗೆ ಮೊದಲ ಕ್ರಿಸ್‌ಮಸ್ ಕಳೆದಾಗ ಎದೆ ಒಡೆಯಲಿಲ್ಲ. ಒಂದು ಮಾತು ಸೇರಿಸಬೇಕು, ತಾರೀಖು ಹಾಕದೆ ಇರುವುದೊಂದರಿಂದಲೇ ಅವರು ಉಳಿದರು ಅಂತ ಕಂಪನಿ ಭಾಷಣಗಳಲ್ಲಿ ಹೇಳುವಾಗ, ಗೋಡೆಯಾಚೆ ತಟ್ಟುತ್ತಿದ್ದ ಬೆರಳುಗಳು ಕಥೆಯಿಂದ ಮಾಯವಾಗಿಬಿಡುತ್ತವೆ.

1992ರಲ್ಲಿ ರಾಸ್ ಪೆರೋ ಎಂಬ ಉದ್ಯಮಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ವತಂತ್ರವಾಗಿ ನಿಂತಾಗ ಉಪಾಧ್ಯಕ್ಷ ಸ್ಥಾನಕ್ಕೆ ಸ್ಟಾಕ್‌ಡೇಲ್‌ರನ್ನು ನಿಲ್ಲಿಸಿದರು. ಆ ಅಕ್ಟೋಬರ್‌ನ ಟೀವಿ ಚರ್ಚೆಯಲ್ಲಿ ಅವರು ಶುರುಮಾಡಿದ್ದು ‘ನಾನು ಯಾರು? ನಾನು ಇಲ್ಲಿ ಯಾಕಿದ್ದೇನೆ?’ ಎಂದು ಕೇಳಿಕೊಂಡು. ಒಂಟಿ ಕೋಣೆಯಲ್ಲಿ ನಾಲ್ಕು ವರ್ಷ ಕೂತವರ ಪ್ರಶ್ನೆಗಳು ಅವು. ಸಭೆ ನಕ್ಕಿತು, ದೇಶ ನಕ್ಕಿತು, ಹಾಸ್ಯ ಕಾರ್ಯಕ್ರಮಗಳಿಗೆ ವಾರಗಟ್ಟಲೆ ಸರಕಾಯಿತು. ಮಧ್ಯದಲ್ಲಿ ಒಂದು ಪ್ರಶ್ನೆ ಅವರಿಗೆ ಕೇಳಿಸಲೇ ಇಲ್ಲ. ಕಿವಿಯ ಮೆಷಿನ್ ಆನ್ ಮಾಡಿರಲಿಲ್ಲ, ಇನ್ನೊಂದು ಸಲ ಹೇಳಿ ಅಂದರು. ಅದಕ್ಕೂ ನಕ್ಕರು.